ಚಹಾಕ್ಕೆ ಹೋದ ಬೆಂಕಿಪೊಟ್ಟಣ

ಎಷ್ಟು ಹೇಳಿದರೂ ಕ್ಲೆಮ್ ಟ್ರಕ್ಕಿನಿಂದ ಇಳಿಯಲಿಲ್ಲ. ಲೊರೇಟಾಗೆ ಮೈಯೆಲ್ಲ ಉರಿಯಿತು.

ಕಿಂಬರ್ಲಿಯ ಈ ಹುಲ್ಲುಬಯಲು ಅವಳ ಅಜ್ಜಿಯ ಮನೆತನದ್ದು. ಮಳೆ ಹಿಂದೆ ಸರಿದು, ಹುಲ್ಲಿನ ಬುಡದಲ್ಲಿ ತೇವ ಇರುವಾಗಲೇ ಸಣ್ಣ ಬೆಂಕಿ ಹಾಕಬೇಕು. ತಡವಾದರೆ ಹುಲ್ಲೆಲ್ಲ ಒಣಗಿ, ಬೇಸಿಗೆಯ ದೊಡ್ಡ ಬೆಂಕಿ ಬಂದು ಹಕ್ಕಿಗಳ ಪೊಟರೆ ಮರಗಳನ್ನೂ ನುಂಗುತ್ತದೆ. ಹಳ್ಳದಾಚೆ ಒಂದು ತುಂಡು ಹಚ್ಚುವುದು ಉಳಿದಿತ್ತು. ನಾಳೆ ಕ್ಲೆಮ್ ತನ್ನ ಮರಳುಗಾಡಿನ ಊರಿಗೆ ಬಸ್ಸು ಹತ್ತುವವನು.

"ಈಚೆ ನಾನು ನೋಡ್ಕೋತೀನಿ, ಆಚೆ ನೀನು ಹಚ್ಚು ಅಂದೆನಲ್ಲ."

"ನಿಮ್ಮ ನೆಲಕ್ಕೆ ನಾನು ಹೇಗೆ ಬೆಂಕಿ ಇಡ್ಲಿ? ನೀರಿನ ಟ್ಯಾಂಕರ್ ಓಡ್ಸೋಕೆ ಬಂದವ್ನು ನಾನು."

ಮಾತು ಹೀಗೆ, ಕಣ್ಣು ಮಾತ್ರ ಅವಳ ಹಣೆಗೆ ಅಂಟಿದ ಕೂದಲ ಮೇಲೆ. ಬಂದಾಗಿನಿಂದ ಇದೇ ನೋಟ. ನೋಡುವುದು ಬಿಟ್ಟು ಮಹಾಶಯ ಬೇರೇನನ್ನೂ ಮಾಡಿದವನಲ್ಲ.

"ಕ್ರಿಸ್‌ಮಸ್ಸಿಗೆ, ಮಳೆ ಶುರುವಾದಾಗ, ನಾನು ನಿಂಗೆ ಬೆಂಕಿಪೊಟ್ಟಣ ಕೊಟ್ಟಿದ್ದೆನಲ್ಲ, ಅಜ್ಜಿ ಎದುರಿಗೇ. ಎಲ್ಲಿ?"

"ಮುಗೀತು."

"ಮುಗೀತಾ?"

"ಚಹಾ ಮಾಡ್ದೆ. ಒಳ್ಳೇ ಕಡ್ಡಿ, ಮಳೇಲೂ ಹತ್ಕೊಳ್ತಿತ್ತು."

ಲೊರೇಟಾ ಗೆದ್ದಲ ಹುತ್ತಕ್ಕೆ ಒರಗಿ ನೆಲದ ಮೇಲೇ ಕೂತಳು.

"ಟ್ರಕ್ಕಲ್ಲಿ ಲೈಟರ್ ಇರೋವಾಗ ಯಾವಳಾದ್ರೂ ಚಹಾಕ್ಕೆ ಅಂತ ಕಡ್ಡಿ ಕೊಡ್ತಾಳೇನೋ? ನಮ್ಮನೇಲಿ ಅದನ್ನ ಕೊಡೋದು ಅಳಿಯ ಆಗೋನಿಗೆ. ಇನ್ಮೇಲೆ ಈ ನೆಲಕ್ಕೆ ನೀನೂ ಬೆಂಕಿ ಹಾಕ್ಬಹುದು ಅಂತ. ಹುಡುಗ ಏನಂದ ಅಂತ ಅಜ್ಜಿ ದಿನಾ ಕೇಳ್ತಾಳೆ. ನಾನು ಏನಂತ ಹೇಳ್ಲಿ?"

ಕ್ಲೆಮ್ ಟೋಪಿ ತೆಗೆದ, ಮತ್ತೆ ಹಾಕಿಕೊಂಡ. ಕೊನೆಗೂ ಟ್ರಕ್ಕಿನಿಂದ ಇಳಿದ.

"ನಮ್ಮ ಕಡೆ ಹಾಗಿಲ್ಲ ಲೊರೇಟಾ. ಅಂದ್ರೆ... ನಿನ್ನ ಒಪ್ಪಿಗೇನ ನಾನು ಮಳೆಗಾಲ ಪೂರ್ತಿ ಚಹಾ ಮಾಡ್ಕೊಂಡು ಕುಡಿದುಬಿಟ್ನಾ?"

"ಸಕ್ಕರೆ ಹಾಕ್ಕೊಂಡು."

"ನಾನು ಕೇಳಿದ್ರೆ ನೀನು ನಗ್ತೀಯ ಅಂತ ಹೆದರಿದ್ದೆ. ನಿನ್ನ ಬಿಟ್ಟು ಹೋಗೋಕೆ ನಂಗೆ ಇಷ್ಟ ಇಲ್ಲ."

ಈ ಮಾತಿಗೆ ಇಷ್ಟು ದಿನ ಬೇಕಾಯಿತಲ್ಲ ಎಂದು ಅವಳಿಗೆ ಅಳು ಬಂತು, ಹಿಂದೆಯೇ ನಗುವೂ ಬಂತು. ಜೇಬಿನಿಂದ ತನ್ನ ಪೊಟ್ಟಣ ತೆಗೆದು ಅವನ ಅಂಗೈಗೆ ಒತ್ತಿದಳು.

"ಇದ್ರಲ್ಲಿ ಚಹಾ ಮಾಡಿದ್ರೆ ಕೊಂದುಬಿಡ್ತೀನಿ."

ಅವನು ಹಳ್ಳ ದಾಟಿದ. ಗಾಳಿ ನೋಡಿ, ಬಗ್ಗಿ, ಒಂದೇ ಕಡ್ಡಿ ಗೀರಿದ. ಬೆಂಕಿ ಮೊಣಕಾಲಿಗೂ ಏರದೆ, ಸೋಮಾರಿಯಂತೆ ಹುಲ್ಲು ಮೇಯುತ್ತ ಹೋಗಿ, ಸಂಜೆಯ ತಂಪಿಗೆ ಹಳ್ಳದಂಚಲ್ಲಿ ತಾನೇ ಆರಿತು. ಪೊಟರೆ ಮರಗಳು ಉಳಿದವು.

ಹೊಗೆ ವಾಸನೆ ಹೊತ್ತು ಬಂದವನು ಪೊಟ್ಟಣ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ.

"ಇಟ್ಕೋ. ಮುಂದಿನ ವರ್ಷಕ್ಕೂ ಬೇಕಲ್ಲ. ನಾಳೆ ಬಸ್ಸು?"

"ಹೋದ್ರೆ ಹೋಗ್ಲಿ."

ಕ್ಲೆಮ್ ಪೊಟ್ಟಣವನ್ನು ಅಂಗಿಯ ಜೇಬಿಗಿಳಿಸಿ ಗುಂಡಿ ಹಾಕಿದ. ಆಮೇಲೆ ಟ್ರಕ್ಕಿನ ಸೀಟಿನಡಿ ತಡಕಾಡಿ ಲೈಟರ್ ಹುಡುಕಿ, ಇಬ್ಬರಿಗೂ ಚಹಾಕ್ಕೆ ನೀರಿಟ್ಟ.