ಮುಕ್ತಾಂಕ

ಗಾಜಿನ ಗೋಡೆಯ ಆಚೆ ಏಳು ವರ್ಷದ ಮುಕ್ತಾ ಮರದ ಮಣಿಗಳನ್ನು ದಾರಕ್ಕೆ ಪೋಣಿಸುತ್ತಿದ್ದಳು. ಎದುರಿಗೆ ಮೈಸೂರು ಕಡೆಯಿಂದ ಬಂದ ಚಿಕಿತ್ಸಕಿ ಡಾ. ಶರ್ವಾಣಿ. ಇಬ್ಬರ ಮಣಿಕಟ್ಟಿಗೂ ಒಂದೇ ಬಗೆಯ ತೆಳು ಪಟ್ಟಿ. ಈಚೆ ಪರದೆಯ ಮೇಲೆ ಮಗುವಿನ ಹಸಿರು ಗೆರೆ, ಚಿಕಿತ್ಸಕಿಯ ನೀಲಿ ಗೆರೆ ಹತ್ತಿರ ಬರುತ್ತ ಬರುತ್ತ ಒಂದೇ ಆಗಿ ಹರಿದವು. ಕೆಳಗೆ ಅಂಕಿ ಮೂಡಿತು: ತೊಂಬತ್ತೆರಡು.

“ನೋಡಿದ್ರಾ?” ಎಂದರು ವಿಜ್ಞಾನಿ ವರದರಾಜ್. ಮೈಸೂರಿನಿಂದ ಹುಬ್ಬಳ್ಳಿಗೆ ಈ ಯಂತ್ರವನ್ನು ತಂದವರೇ ಅವರು.

ಇದು ಒಡನಾಟಮಾಪಕ. ಇಬ್ಬರ ನಾಡಿ, ಉಸಿರು, ನೋಟ, ಮಾತುಗಳನ್ನು ಹೋಲಿಸಿ ಅವರು ಎಷ್ಟು ಹೊಂದಿಕೊಂಡಿದ್ದಾರೆಂಬುದನ್ನು ನೂರಕ್ಕೆ ಇಷ್ಟು ಎಂದು ಹೇಳುತ್ತದೆ. ಇದು ಬರುವ ಮುಂಚೆ ಆಟಿಸಂ ಇರುವ ಮಕ್ಕಳ ತಂದೆತಾಯಂದಿರಿಗೆ ಇದ್ದದ್ದು ಎರಡೇ ದಾರಿ: ಗೋಡೆಯ ಮೇಲಿನ ಪ್ರಮಾಣಪತ್ರ ನೋಡಿ ನಂಬುವುದು, ಇಲ್ಲವೇ ಯಾರೋ ‘ಅವರ ಕೈಗುಣ ಚೆನ್ನಾಗಿದೆ’ ಎಂದರೆ ಹೋಗುವುದು. ಎರಡನ್ನೂ ಮಾಡಿ ಮೋಸಹೋದವಳು ಮುಕ್ತಾಳ ತಾಯಿ ಚಂಪಾ. ಬಸ್ ಡಿಪೋದ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆಯೇ ಓಡೋಡಿ ಬಂದು ಕುಳಿತಿದ್ದಳು. ಹಿಂದೆ ಎರಡು ಸಲ ಚಿಕಿತ್ಸಕಿಯನ್ನು ಬದಲಿಸಿದಾಗಲೂ ಮುಕ್ತಾ ತಿಂಗಳುಗಟ್ಟಲೆ ಬಾಯಿ ಬಿಟ್ಟಿರಲಿಲ್ಲ. ಮೂರನೆಯ ಸಲ ಆಯ್ಕೆ ತಪ್ಪಾಗುವಂತಿರಲಿಲ್ಲ; ಅದಕ್ಕೇ ಇವತ್ತು ಇಬ್ಬರಿಗೆ ಈ ಪರೀಕ್ಷೆ.

ಇನ್ನೊಬ್ಬ ಅಭ್ಯರ್ಥಿ ಫಿರ್ದೋಸ್ ಅಲ್ಲೇ ಮೂಲೆಯಲ್ಲಿ ಕುಳಿತಿದ್ದಳು. ಊರಿನವಳೇ, ಓದಿದ್ದು ಆರು ತಿಂಗಳ ತರಬೇತಿ. ಬೆಳಿಗ್ಗೆ ಅವಳಿಗೆ ಬಂದ ಅಂಕ ನಲವತ್ತೊಂದು. ಆದರೆ ಮುಕ್ತಾ ಒಂದು ಮಣಿಯನ್ನು ತಾನಾಗಿ ಅವಳ ಅಂಗೈಯಲ್ಲಿ ಇಟ್ಟದ್ದನ್ನು ಚಂಪಾ ಕಂಡಿದ್ದಳು. ಅದೇ ಕೊರೆಯುತ್ತಿತ್ತು.

“ಈಕಿ ಅಂಕಿ ಎಲ್ಲಿ ಬಿತ್ತು, ತೋರಸ್ರಿ ಸರ,” ಎಂದಳು.

ವರದರಾಜ್ ದೃಶ್ಯವನ್ನು ಹಿಂದಕ್ಕೆ ಓಡಿಸಿದರು. ಮುಕ್ತಾ “ಆತು” ಎನ್ನುತ್ತಾಳೆ. ಫಿರ್ದೋಸ್ ಕೂಡಲೇ ಮಣಿಗಳನ್ನು ಡಬ್ಬಿಗೆ ಹಾಕುತ್ತಾಳೆ. “ನೋಡಿ, ಮಗು ಒಪ್ಪಿಗೆ ಕೊಟ್ಟಿದೆ, ಇವರು ಆಟಾನೇ ನಿಲ್ಲಿಸಿಬಿಟ್ರು. ಯಂತ್ರ ಅಂಕ ಕಡಿಮೆ ಮಾಡಿದೆ.”

“ಅಲ್ರೀ, ಆಕಿ ಒಪ್ಪಿಗಿ ಕೊಟ್ಟಿಲ್ಲ. ಮುಗೀತು, ಸಾಕು ಅಂದಾಳ,” ಎಂದಳು ಚಂಪಾ.

“ಆಯ್ತು ಅಂದ್ರೆ ಒಪ್ಪಿಗೆ ತಾನೆ?”

“ಊಟಾ ಆತು ಅಂದವರಿಗೆ ಇನ್ನೊಂದು ರೊಟ್ಟಿ ಬಡಸ್ತೀರೇನು?”

“ನಿಮ್ಮೂರಲ್ಲಿ ಬಡಿಸ್ತಾರಮ್ಮ. ನಿನ್ನೆ ತಾನೆ ತಿಂದಿದೀನಿ.”

ಫಿರ್ದೋಸ್ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಅಷ್ಟರಲ್ಲಿ ಮುಕ್ತಾಳ ಕೈ ಹಿಡಿದು ಒಳಬರುತ್ತ ಈ ಮಾತು ಕೇಳಿಸಿಕೊಂಡ ಡಾ. ಶರ್ವಾಣಿ ನಗಲಿಲ್ಲ. “ನನ್ನ ಹತ್ತಿರಾನೂ ಆತು ಅಂದಳು. ನಾನು ‘ಜಾಣೆ’ ಅಂತ ಇನ್ನೊಂದು ದಾರ ಕೊಟ್ಟೆ. ವರದರಾಜ್, ನಮ್ಮ ಆ ಎರಡು ಗೆರೆ ಬೇರೆ ಬೇರೆ ಮಾಡಿ. ಪ್ರತಿ ‘ಆತು’ ಆದಮೇಲೆ ಯಾವುದು ಬಾಗಿದೆ?”

ಯಾರು ಯಾರ ಕಡೆಗೆ ಬಂದರು ಎಂಬುದನ್ನು ಕೇಳಬೇಕೆಂದು ಯಂತ್ರ ಕಟ್ಟಿದವರಿಗೆ ಹೊಳೆದೇ ಇರಲಿಲ್ಲ. ವರದರಾಜ್ ಗೆರೆಗಳನ್ನು ಬೇರೆಮಾಡಿದರು. ನೀಲಿ ಗೆರೆ ತನ್ನ ದಾರಿಯಲ್ಲೇ ನೆಟ್ಟಗೆ ಹೋಗಿತ್ತು. ಹಸಿರು ಗೆರೆ ಪ್ರತಿ ಸಲವೂ ಎತ್ತರಕ್ಕೆ ಹಾರಿ, ನಡುಗಿ, ಮೆಲ್ಲಗೆ ಇಳಿದು ನೀಲಿಯನ್ನು ಕೂಡಿಕೊಂಡಿತ್ತು.

“ಸಾಕು ಅಂದ್ಮೇಲೂ ಉಸಿರು ಹಿಡಿದು ನನ್ನ ಕಡೆ ಬಂದಿದ್ದಾಳೆ,” ಎಂದರು ಶರ್ವಾಣಿ. “ಆ ತೊಂಬತ್ತೆರಡು ನನ್ನದಲ್ಲ, ಇವಳದು.”

ಚಂಪಾ ಆ ಹಸಿರು ಗೆರೆಯನ್ನೇ ನೋಡಿದಳು. ಬಳಗದವರು, ಬಸ್ಸಿನಲ್ಲಿ ಕಂಡವರು, ಮೂರು ಶಾಲೆಯವರು ಹೇಳಿದ್ದೆಲ್ಲ ಒಂದೇ ಮಾತು: ಈ ಹುಡುಗಿಗೆ ಹೊಂದಿಕೊಂಡು ಹೋಗಲು ಬರುವುದಿಲ್ಲ. ಇಷ್ಟು ದಿನ ಹೊಂದಿಕೊಳ್ಳುವ ಭಾರವನ್ನೆಲ್ಲ ತನ್ನ ಮಗಳು ಒಬ್ಬಳೇ ಹೊತ್ತಿದ್ದಳು! ಕಣ್ಣು ತುಂಬಿದರೂ ತಲೆ ತಾನಾಗಿ ಮೇಲೆದ್ದಿತು.

“ಹಂಗಾರ ಫಿರ್ದೋಸೇ ಇರಲಿ,” ಎಂದಳು.

ಫಿರ್ದೋಸ್ ಗಾಬರಿಯಾದಳು. “ಅಕ್ಕಾರ, ನಾಳಿ ಆಕಿ ಗ್ವಾಡಿಗೆ ತಲಿ ಜಜ್ಜಿಕೊಂಡ್ರ ಏನ್ ಮಾಡಬೇಕು, ನನಗ ತಿಳೀದು. ಅದು ಬರೇ ಪ್ರೀತಿಲೆ ಆಗೂದಲ್ಲ. ಮೇಡಂಗ ತಿಳೀತದ.”

ಚಂಪಾ ಇಬ್ಬರನ್ನೂ ನೋಡಿದಳು. ತನಗೆ ತಿಳಿಯದ್ದು ಯಾವುದೆಂದು ಬಲ್ಲವಳು ಒಬ್ಬಳು. ತನಗೆ ಬಂದ ದೊಡ್ಡ ಅಂಕದಲ್ಲೇ ತಪ್ಪು ಹುಡುಕಿದವಳು ಇನ್ನೊಬ್ಬಳು. ಡಾಕ್ಟರು ಓದಿದ್ದೂ ಸಾರ್ಥಕ ಅನ್ನಿಸಿತು. “ಫಿರ್ದೋಸ್, ನೀ ಮುಕ್ತಾನ ಜೋಡಿ ಕೂಡು. ಡಾಕ್ಟರ್ ನಿನ್ನ ಹಿಂದ ಕೂಡ್ತಾರ.”

“ಕೂಡ್ತೀನಿ,” ಎಂದರು ಶರ್ವಾಣಿ. “ನಿಮ್ಮೂರ ಮಾತೂ ಕಲೀತೀನಿ.”

ಮುಂದಿನ ವರ್ಷದಿಂದ ಮಾಪಕ ಎರಡು ಅಂಕ ತೋರಿಸತೊಡಗಿತು. ಎರಡನೆಯದು, ದೊಡ್ಡವರು ಮಗುವಿನ ಕಡೆಗೆ ಎಷ್ಟು ಬಂದರು ಎಂಬುದು. ವರದರಾಜ್ ಅದಕ್ಕೆ ‘ಮುಕ್ತಾಂಕ’ ಎಂದು ಹೆಸರಿಟ್ಟರು. ಅನೇಕ ಊರುಗಳಲ್ಲಿ ಪದವಿಯುಳ್ಳವರೂ ಇಲ್ಲದವರೂ ಅದರ ಮುಂದೆ ಬೆವರುತ್ತ ಕೂರುವ ಹಾಗಾಯಿತು.

ಆದರೆ ಆ ದಿನ ಅದಕ್ಕಿನ್ನೂ ಹೆಸರಿರಲಿಲ್ಲ. ವರದರಾಜ್ ಉತ್ಸಾಹದಲ್ಲಿ, “ಇನ್ನೊಂದೇ ಒಂದು ಸಲ ಪರೀಕ್ಷೆ ಮಾಡೋಣವಾ?” ಎಂದರು. ಮುಕ್ತಾ ಮಣಿಕಟ್ಟಿನ ಪಟ್ಟಿಯನ್ನು ಬಿಚ್ಚಿ, ಮಡಚಿ, ಅವರ ಕೈಯಲ್ಲಿಟ್ಟಳು.

“ಆತು,” ಎಂದಳು.

ವಿಜ್ಞಾನಿ, ಡಾಕ್ಟರು, ಫಿರ್ದೋಸ್ ಮೂವರೂ ಒಟ್ಟಿಗೆ ಎದ್ದುನಿಂತರು. ಚಂಪಾ ಮಗಳ ಚಪ್ಪಲಿ ಹುಡುಕಲು ಹೋದಳು.