ಮೂರಂಚಿನ ಜೇಕು

"ಒಬ್ಳೇ ಕೊಯ್ತಿದೀಯಾ, ರವ್ನಾ?"

ಬೆಟ್ಟದ ಜೌಗಿನಲ್ಲಿ ಬಗ್ಗಿ ಜೇಕು ಹುಲ್ಲು ಕೊಯ್ಯುತ್ತಿದ್ದ ರವ್ನಾಳ ಕುಡುಗೋಲು ಅಲ್ಲೇ ನಿಂತಿತು. ಆ ದನಿ... ಅಸ್ಲಾಕನದೇ!

ತಲೆ ಎತ್ತಲಾಗಲಿಲ್ಲ. ಕಣ್ಣಿಗೆ ಬಿದ್ದದ್ದು ಅವನು ತುಸು ಎಳೆದಿಡುವ ಎಡಗಾಲು. ಭೂಮಿ ಬಾಯಿಬಿಡಬಾರದೇ ಎನಿಸಿತು.

ಹಿಮಸಾರಂಗ ಮೇಯಿಸುವ ನಮ್ಮ ಸಾಮಿ ಜನರ ಬೆಟ್ಟಗಳ ಹಿಮದಲ್ಲಿ ಕಾಲು ಕಾಯುವುದು ಜಜ್ಜಿ, ಬಾಚಿ, ಶೂಗಳೊಳಗೆ ತುಂಬಿದ ಜೇಕು. ಹುಡುಗಿ ತಾನೇ ಕೊಯ್ದ ಜೇಕಿನ ಸುರುಳಿಯನ್ನು ಹುಡುಗನಿಗೆ ಕೊಟ್ಟಳೆಂದರೆ ನಮ್ಮ ಊರಿನಲ್ಲಿ ಯಾರೂ ಬಿಡಿಸಿ ಹೇಳಬೇಕಿಲ್ಲ.

ಹೋದ ವರ್ಷ ರವ್ನಾ ಅಸ್ಲಾಕನಿಗೆ ಕೊಟ್ಟಿದ್ದಳು. ಹಿಮಸಾರಂಗಗಳು ತೆನೆ ಮೇಯ್ದುಬಿಟ್ಟಿದ್ದ ಜಾಗದಲ್ಲಿ, ಬರೀ ಎಲೆ ನೋಡಿ, ಜೇಕೆಂದುಕೊಂಡು ಹತ್ತಿಹುಲ್ಲು ಕೊಯ್ದಿದ್ದಳು. ಜೇಕಿನ ದಂಟಿಗೆ ಮೂರು ಅಂಚು, ಹತ್ತಿಹುಲ್ಲಿನದು ದುಂಡಗೆ. ದಂಟನ್ನು ಬೆರಳಲ್ಲಿ ಹೊರಳಿಸಿ ನೋಡುವಷ್ಟೂ ತಾಳ್ಮೆಯಿಲ್ಲ, ಪ್ರೀತಿಯ ಆತುರ ನೋಡಿ! ಹಿಂಡಿನ ಜೊತೆ ಹೋದ ಅಸ್ಲಾಕ್ ಹಿಮದಲ್ಲಿ ಮರಗಟ್ಟಿದ ಎಡಗಾಲಿನ ಹೆಬ್ಬೆರಳು ಕಳೆದುಕೊಂಡು ಬಂದ. ಆಮೇಲೆ ಅವಳತ್ತ ಸುಳಿಯಲೇ ಇಲ್ಲ.

"ಜೇಕಿನ ಗುರುತೇ ಸಿಗದವಳು" ಎಂದು ಹೆಂಗಸರು ಕಾಫಿ ಕುಡಿಯುತ್ತಾ ಆಡಿಕೊಂಡರು. ರವ್ನಾ ಮುಖ ಮುಚ್ಚಿಕೊಂಡು ಬದುಕಿದಳು.

"ಬೈಯೋಕೆ ಬಂದಿದ್ರೆ ಬೈದ್ಬಿಡು... ನಿನ್ನ ಬೆರಳು ತಿಂದವಳು ನಾನು."

"ಆ ಹುಲ್ಲು ಪುಡಿಯಾಗ್ತಿದೆ ಅಂತ ಮೊದಲ ದಿನವೇ ಗೊತ್ತಾಗಿತ್ತು ಕಣೇ."

"ಏನು?!"

"ಅಮ್ಮ ಕೊಟ್ಟ ಜೇಕು ಚೀಲದಲ್ಲೇ ಇತ್ತು. ಬದಲಾಯಿಸ್ಲಿಲ್ಲ. ನೀನು ಕೊಟ್ಟಿದ್ದಲ್ವಾ..." ಅವನ ಕಿವಿ ಕೆಂಪಾಗಿತ್ತು. "ಹಿಂಡು ಕಾಯೋನು ಇಂಥ ಪೆದ್ದ ಅಂತ ಯಾರ ಹತ್ರ ಹೇಳ್ಲಿ? ನಾಚ್ಕೆಗೆ ತಪ್ಪಿಸ್ಕೊಂಡು ತಿರುಗಿದೆ. ಊರವರ ಮಾತು ನೀನು ಕೇಳ್ಬೇಕಾಯ್ತು."

"ಕತ್ತೆ!" ಸಿಟ್ಟಿನ ಜೊತೆಗೇ ಅಳು ಉಕ್ಕಿತು. "ಚಳಿಗಾಲವಿಡೀ ಸತ್ತೆ ಕಣೋ ನಾನು!"

"ಇವತ್ತು ಬೆಳಗ್ಗೆ ಆ ಹೆಂಗಸರ ಮುಂದೆಲ್ಲ ಒಪ್ಕೊಂಡೆ. ಹೊಟ್ಟೆ ಹಿಡ್ಕೊಂಡು ನಕ್ರು."

ಅವನು ಎಡಗಾಲಿನ ಶೂ ಬಿಚ್ಚಿ ಅವಳ ಮುಂದಿಟ್ಟ. ಒಳಗೆ ಏನೂ ಇರಲಿಲ್ಲ.

"ಈ ವರ್ಷವೂ ನೀನೇ ತುಂಬಬೇಕು."

*ಮತ್ತೆ ತಪ್ಪಿದರೆ?* ರವ್ನಾ ಒಂದು ದಂಟು ಕಿತ್ತು ಹೊರಳಿಸಿದಳು. ಅಂಚುಗಳು ಬೆರಳಿಗೆ ಒತ್ತಿದವು. ಆದರೂ ಧೈರ್ಯ ಸಾಲದೆ ಅದನ್ನು ಅವನ ಕೈಗಿಟ್ಟಳು.

"ನೀನೂ ನೋಡು."

"ಮೂರಂಚು. ಜೇಕೇ!"

"ಆದ್ರೂ... ಪುಡಿಯಾದ್ರೆ ಏನ್ಮಾಡ್ತೀಯ?"

"ತಕ್ಷಣ ಅಮ್ಮನದು ಹಾಕ್ಕೋತೀನಿ. ಆಮೇಲೆ ಬಂದು ನಿನ್ನ ಬೈತೀನಿ."

ರವ್ನಾ ಕಣ್ಣೊರೆಸಿಕೊಂಡು, ಮೊದಲ ಸಲ ಅವನ ಮುಖ ನೋಡಿದಳು.

"ಬೈಯೋಕಾದ್ರೂ ಬಾ ಮಾರಾಯ... ಬರ್ದೇ ಮಾತ್ರ ಇರ್ಬೇಡ."