ಅಜ್ಜಿಯ ಕೈಗುಣ, ಅಪ್ಪನ ಕರೆಂಟು

"ಮುಚ್ಚಳ ನೀನೇ ತೆಗಿ ನೀಲಾ, ನನಗ ಧೈರ್ಯ ಸಾಲವಲ್ದು," ಎಂದಳು ಅಜ್ಜಿ.

ನೀಲಾ ಬೋಗುಣಿಯ ಮುಚ್ಚಳ ತೆಗೆದಳು. ಮೊಸರು ಇವತ್ತೂ ಆಗಿರಲಿಲ್ಲ. ಹಾಲು ಹಾಲಾಗಿಯೇ ತುಳುಕಿತು.

ಸೂಗಮ್ಮಜ್ಜಿಯ ಮೊಸರು ಕೂಕಟ್‌ಪಲ್ಲಿಯ ಆ ಅಪಾರ್ಟ್‌ಮೆಂಟಿಗೆಲ್ಲ ಹೆಸರುವಾಸಿ. ಬೋಗುಣಿ ಬೋರಲು ಹಾಕಿದರೂ ಬೀಳದು ಎಂದು ಅಪ್ಪ ಪಂಥ ಕಟ್ಟುತ್ತಿದ್ದ. ಮೇಲಿನ ಮನೆಯ ಜಯಮ್ಮ ಆಂಟಿ ಹೆಪ್ಪಿಗೆ ಲೋಟ ಹಿಡಿದು ಬರುತ್ತಿದ್ದರು. ಅವರ ತೆಲುಗಿನಲ್ಲಿ ಅದು 'ತೋಡು'. ಈಗ ಅವರ ದನಿ ಕೇಳಿದರೆ ಸಾಕು, ಅಜ್ಜಿ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದಳು.

"ನನ್ನ ಕೈಗುಣ ಹೋತವ್ವ. ಕರೆಂಟ್ ಹೋದಂಗ ಹೋತು."

ನೀಲಾಗೆ ನಗು ಬಂತು. ಅಜ್ಜಿಯ ಮುಖ ನೋಡಿ ನುಂಗಿಕೊಂಡಳು.

ಸಂಜೆ ಅಪ್ಪ ಕಂಪ್ಯೂಟರ್ ಮುಂದೆ ಕುಳಿತ. ಹೆಪ್ಪು ಹಾಕಿದ ಬೋಗುಣಿಯನ್ನು ಅಜ್ಜಿ ಬೆಕ್ಕಿಗೆ ಸಿಗದಂತೆ, ಎಂದಿನ ಹಾಗೆ, ಕಂಪ್ಯೂಟರಿನ ಹಿಂದೆ ಇಟ್ಟುಹೋದಳು. ನೀಲಾ ಒದ್ದೆ ಸಾಕ್ಸ್ ಒಣಗಿಸಲು ಅಲ್ಲೇ ಹಿಡಿದಳು. ಕಂಪ್ಯೂಟರಿನ ಫ್ಯಾನಿನಿಂದ ಬರುವ ಗಾಳಿ ತಣ್ಣಗಿತ್ತು.

"ಅಪ್ಪಾ, ಬಿಸಿಗಾಳಿ ಎಲ್ಲಿ ಹೋತು?"

"ಸೋಮವಾರ ಕಂಪ್ಯೂಟರಿಗೆ ಕರೆಂಟ್ ಕೊಡೋ ಡಬ್ಬಿ, ಹೊಸ ಪವರ್ ಸಪ್ಲೈ ಹಾಕಿಸೀನಲ್ಲ. ಹಳೇ ಡಬ್ಬಿ ಕುಡಿದ ಕರೆಂಟಿನ್ಯಾಗ ಮೂರರಾಗ ಒಂದು ಪಾಲು ಬರೀ ಬಿಸಿ ಮಾಡಿ ಹೊರಗ ಊದ್ತಿತ್ತು. ಇದು ಅಷ್ಟು ದಂಡ ಮಾಡಂಗಿಲ್ಲ."

ನೀಲಾ ಸಾಕ್ಸ್ ನೋಡಿದಳು. ಬೋಗುಣಿ ನೋಡಿದಳು. ಹಳೇ ಡಬ್ಬಿ ಕರೆಂಟು ಕುಡಿದು ಮೊಸರು ಮಾಡುತ್ತಿತ್ತು! ಅವಳು ಕಿಲಕಿಲ ನಗುತ್ತ, ಸಾಕ್ಸ್ ಬೀಸುತ್ತ, ಕುಣಿಯುತ್ತ ಅಡುಗೆಮನೆಗೆ ಓಡಿದಳು.

"ಅಜ್ಜೀ, ನಿನ್ನ ಮೊಸರು..."

ಅಜ್ಜಿ ಒಲೆಯ ಬೆಳಕಿನಲ್ಲಿ ತನ್ನ ಎರಡೂ ಅಂಗೈ ಬಿಡಿಸಿ ನೋಡಿಕೊಳ್ಳುತ್ತಿದ್ದಳು.

"ಏನವ್ವ?"

"ಏನಿಲ್ಲ," ಎಂದಳು ನೀಲಾ. "ನಾಳೆ ಆಕ್ಕತಿ ಬಿಡು."

ಬಂದು ಬೋಗುಣಿಗೆ ತನ್ನ ಉಣ್ಣೆ ಸ್ವೆಟರ್ ತೊಡಿಸಿದಳು. ಗುಂಡಿ ಹಾಕಿದಳು, ತೋಳು ಸುತ್ತಿ ಗಂಟು ಕಟ್ಟಿದಳು. ಊಟ ಹೆಚ್ಚಾದ ಪಾಪುವಿನಂತೆ ಅದು ಕುಳಿತುಕೊಂಡಿತು. ಅಪ್ಪ ಬಾಯಿ ತೆರೆಯುವಷ್ಟರಲ್ಲಿ ನೀಲಾ ತುಟಿಯ ಮೇಲೆ ಬೆರಳಿಟ್ಟಳು.

ಬೆಳಿಗ್ಗೆ ಅಜ್ಜಿ ಏಳುವ ಮುಂಚೆಯೇ ಸ್ವೆಟರ್ ಬಿಚ್ಚಿದಳು.

ಸ್ವಲ್ಪ ಹೊತ್ತಿಗೆ ಅಜ್ಜಿ ಹಲ್ಲುಜ್ಜುತ್ತಿದ್ದ ಅಪ್ಪನ ತಲೆಯ ಮೇಲೆ ಬೋಗುಣಿಯನ್ನೇ ಬೋರಲು ಹಿಡಿದಿದ್ದಳು. ಅಪ್ಪ ಬ್ರಶ್ ಕಚ್ಚಿ, ಕಣ್ಣು ಮುಚ್ಚಿ ನಿಂತಿದ್ದ. ಒಂದು ಹನಿಯೂ ಬೀಳಲಿಲ್ಲ.

ಬಾಗಿಲು ಬಡಿದ ಸದ್ದಾಯಿತು. ಲೋಟ ಹಿಡಿದ ಜಯಮ್ಮ ಆಂಟಿ. ಅಜ್ಜಿ ತಾನೇ ಹೋಗಿ ಬಾಗಿಲು ತೆಗೆದಳು.

"ನೋಡಿದೇನು ನನ್ನ ಕೈಗುಣ?" ಎಂದು ತಿರುಗಿ ಕೇಳಿದಳು.

"ನೋಡಿದೆ ಅಜ್ಜಿ," ಎಂದು ನೀಲಾ ಸ್ವೆಟರ್ ತೊಟ್ಟು ಸ್ಕೂಲಿಗೆ ಹೊರಟಳು. ತೋಳಿನಿಂದ ಹಾಲಿನ ವಾಸನೆ ಬರುತ್ತಿತ್ತು.